ಎಳೆಯ ಮಕ್ಕಳ ರಕ್ತದಲ್ಲಿ ಹರ್ಪಿಸ್ ಪ್ರತಿಕಾಯಗಳು

ಐದು ವರ್ಷ ತುಂಬಿದ ಆರೋಗ್ಯವಂತ ಮಗುವಿನ ರಕ್ತದಲ್ಲಿ ಹರ್ಪಿಸ್ ಕುಟುಂಬದ ಒಂದಲ್ಲ ಒಂದು ವೈರಸ್ಸಿನ ವಿರುದ್ಧ ಪ್ರತಿಕಾಯ ಇದ್ದೇ ಇರುತ್ತದೆ ಎನ್ನಬಹುದು. ಮೂರು ನಾಲ್ಕು ವೈರಸ್‌ಗಳ ಪ್ರತಿಕಾಯ ಒಟ್ಟಿಗೇ ಸಿಕ್ಕರೂ ಅಚ್ಚರಿಪಡಬೇಕಿಲ್ಲ. ಮಗು ಉಂಡು ಆಡಿಕೊಂಡು ಚೆನ್ನಾಗಿಯೇ ಇರುತ್ತದೆ. ಸೋಂಕು ತಗುಲಿದ್ದು ಯಾವಾಗ, ಯಾರಿಂದ ಎಂಬುದು ಹೆತ್ತವರಿಗೂ ಗೊತ್ತಿರುವುದಿಲ್ಲ. ಹರ್ಪಿಸ್ ಎಂದೊಡನೆ ಲೈಂಗಿಕ ರೋಗವೆಂದು ಗಾಬರಿಯಾಗುವವರು ಬಹಳ ಮಂದಿ. ಮಗುವಿನ ರಕ್ತ ಪರೀಕ್ಷೆಯ ವರದಿಯಲ್ಲಿ ಆ ಹೆಸರಿನ ಮುಂದೆ ‘ಪಾಸಿಟಿವ್’ ಎಂದಿದ್ದರೆ ಆಗುವ ಆತಂಕ ಸಣ್ಣದಲ್ಲ. ಆದರೆ ಮಕ್ಕಳಿಗೆ ಈ ಕುಟುಂಬದ ವೈರಸ್‌ಗಳು ಬರುವುದು ಬಹುಮಟ್ಟಿಗೆ ಮನೆಯವರ ಎಂಜಲಿನಿಂದ, ಎದೆಹಾಲಿನಿಂದ, ಅಕ್ಕಪಕ್ಕ ಕೂತು ಆಡುವ ಇನ್ನೊಂದು ಮಗುವಿನಿಂದ.

ಮನುಷ್ಯರಿಗೆ ತಗುಲುವ ಹರ್ಪಿಸ್ ವೈರಸ್‌ಗಳು ಎಂಟು. ಆರನೆಯದರ ಎರಡು ಬಗೆಗಳನ್ನು ಬೇರೆ ಬೇರೆಯಾಗಿ ಎಣಿಸಿದರೆ ಒಂಬತ್ತು. ತುಟಿಯಂಚಿನಲ್ಲಿ ನೀರುಗುಳ್ಳೆ ತರುವುದು ಸಿಂಪ್ಲೆಕ್ಸ್ ಒಂದನೆಯ ಬಗೆ. ಎರಡನೆಯದು ಹೆಚ್ಚಾಗಿ ಜನನಾಂಗಕ್ಕೆ ಸಂಬಂಧಿಸಿದ್ದು. ಮೂರನೆಯದು ವೇರಿಸೆಲ್ಲಾ ಜೋಸ್ಟರ್: ಮೊದಲ ಸಲ ಬಂದಾಗ ಚಿಕನ್ ಪಾಕ್ಸ್, ದಶಕಗಳ ನಂತರ ಮತ್ತೆ ಎದ್ದರೆ ಸರ್ಪಸುತ್ತು. ನಾಲ್ಕನೆಯದು ಎಪ್‌ಸ್ಟೀನ್ ಬಾರ್, ಐದನೆಯದು ಸೈಟೊಮೆಗಲೊ. ಆರು ಮತ್ತು ಏಳನೆಯವು ಕೂಸುಗಳ ಜ್ವರಕ್ಕೆ ಕಾರಣ. ಎಂಟನೆಯದು ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರಿನೊಡನೆ ನಂಟು ಹೊಂದಿದೆ. ಎಲ್ಲಕ್ಕೂ ಒಂದು ಗುಣ ಸಮಾನ: ಒಮ್ಮೆ ಒಳಹೊಕ್ಕರೆ ಸಾಯುವವರೆಗೂ ದೇಹ ಬಿಡುವುದಿಲ್ಲ. ನರಗಳಲ್ಲೋ ಬಿಳಿ ರಕ್ತಕಣಗಳಲ್ಲೋ ಅಡಗಿ ಕೂರುತ್ತವೆ; ಹಲವು ಆಗಾಗ ಯಾವ ಲಕ್ಷಣವೂ ಇಲ್ಲದೆ ಜೊಲ್ಲಿನಲ್ಲಿ ಹೊರಬರುತ್ತವೆ. ಕೂಸನ್ನು ಎತ್ತಿಕೊಂಡು ಮುದ್ದಾಡುವ ಅಜ್ಜಿ, ಅತ್ತೆ, ಸೋದರಮಾವ ಎಲ್ಲರೂ ಹೀಗೆ ತಮಗೇ ತಿಳಿಯದೆ ವೈರಸ್ ದಾಟಿಸುವವರೇ. ದೇಹದಲ್ಲಿ ವೈರಸ್ ಉಳಿಯುವುದರಿಂದಲೇ ಪ್ರತಿಕಾಯಗಳೂ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತವೆ. ಹೀಗಾಗಿ ಯಾವ ವಯಸ್ಸಿಗೆ ಎಷ್ಟು ಜನರಿಗೆ ಸೋಂಕು ತಗುಲಿದೆ ಎಂದು ಅಳೆಯಲು ಇವುಗಳಷ್ಟು ನೆಚ್ಚಿನ ಗುರುತು ಬೇರೆಯಿಲ್ಲ.

ಪ್ರತಿಕಾಯವೆಂದರೆ ರಕ್ತದ ಬಿ ಕಣಗಳು ತಯಾರಿಸುವ ಪ್ರೋಟೀನು. ಹೊಸ ಸೋಂಕಾದಾಗ ಮೊದಲು ಐಜಿಎಂ ಎಂಬ ಬಗೆ ಹುಟ್ಟಿ ಕೆಲವು ತಿಂಗಳಲ್ಲಿ ಇಳಿಯುತ್ತದೆ; ಅದರ ಬೆನ್ನಿಗೇ ಬರುವ ಐಜಿಜಿ ಉಳಿದುಕೊಳ್ಳುತ್ತದೆ. ಇವನ್ನು ಪತ್ತೆಹಚ್ಚಲು ಇಂದು ಎಲ್ಲೆಡೆ ಬಳಸುವ ಎಲೈಸಾ ವಿಧಾನವನ್ನು ಸ್ಟಾಕ್‌ಹೋಮಿನಲ್ಲಿ ಪೀಟರ್ ಪರ್ಲ್‌ಮನ್ ಮತ್ತು ಇವಾ ಎಂಗ್ವಾಲ್ 1971ರಲ್ಲಿ ಪ್ರಕಟಿಸಿದರು. ಬೆರಳ ತುದಿಯಷ್ಟಗಲದ ಪ್ಲಾಸ್ಟಿಕ್ ಗುಳಿಯಲ್ಲಿ ವೈರಸ್ಸಿನ ಪ್ರೋಟೀನನ್ನು ಅಂಟಿಸಿ, ಅದರ ಮೇಲೆ ರಕ್ತದ ಸೀರಂ ಹನಿಸಿ, ತೊಳೆದ ಮೇಲೆ ಬಣ್ಣ ಬಂದರೆ ಪ್ರತಿಕಾಯ ಇದೆ ಎಂದರ್ಥ.

ಕೂಸುಗಳ ವಿಷಯದಲ್ಲಿ ಈ ಪರೀಕ್ಷೆಗೆ ಒಂದು ತೊಡಕಿದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯ ಐಜಿಜಿ ಹೇರಳವಾಗಿ ಮಾಸು ದಾಟಿ ಮಗುವನ್ನು ಸೇರುತ್ತದೆ. ಆದ್ದರಿಂದ ಹುಟ್ಟಿದ ದಿನ ಮಗುವಿನ ರಕ್ತ ತೆಗೆದರೆ ತಾಯಿಗೆ ಬಂದುಹೋದ ಸೋಂಕುಗಳ ಪಟ್ಟಿಯೇ ಅದರಲ್ಲಿ ಕಾಣುತ್ತದೆ. ತಾಯಿಯಿಂದ ಬಂದ ಈ ಪ್ರತಿಕಾಯ ಸುಮಾರು ಮೂರು ನಾಲ್ಕು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ ಬಂದು, ಆರು ತಿಂಗಳ ಹೊತ್ತಿಗೆ ಬಹುಪಾಲು ಕರಗಿಹೋಗಿರುತ್ತದೆ. ಆ ಬಳಿಕ ಕಾಣಿಸಿಕೊಳ್ಳುವುದು ಮಗುವೇ ತಯಾರಿಸಿಕೊಂಡದ್ದು. ವಯಸ್ಸಿಗೆ ತಕ್ಕಂತೆ ಪ್ರತಿಕಾಯದ ಪ್ರಮಾಣವನ್ನು ಗೆರೆಯಾಗಿ ಎಳೆದರೆ ಅದು ಜನನದ ಹೊತ್ತಿಗೆ ಎತ್ತರದಲ್ಲಿದ್ದು, ಅರ್ಧ ವರ್ಷದ ಸುಮಾರಿಗೆ ತಗ್ಗಿ, ಮತ್ತೆ ಮೇಲೇರುತ್ತದೆ. ಆ ತಗ್ಗು ಎಷ್ಟು ಆಳ, ಏರು ಎಷ್ಟು ಕಡಿದು ಎಂಬುದು ವೈರಸ್ಸಿನಿಂದ ವೈರಸ್ಸಿಗೆ, ಊರಿನಿಂದ ಊರಿಗೆ ಬೇರೆ. ಮೂರು ತಿಂಗಳ ಕೂಸಿನ ಐಜಿಜಿ ವರದಿ ಹಿಡಿದು ಕೂಸಿಗೇ ಸೋಂಕಾಗಿದೆ ಎಂದು ತೀರ್ಮಾನಿಸುವುದು ತಪ್ಪು. ಹಾಗೆಯೇ ರಕ್ತ ಅಥವಾ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಪಡೆದ ಮಗುವಿನಲ್ಲಿ ಬೇರೆಯವರ ಪ್ರತಿಕಾಯ ಕೆಲಕಾಲ ಇರುತ್ತದೆ.

ಏರು ಎಲ್ಲಕ್ಕಿಂತ ಕಡಿದಾಗಿರುವುದು ಆರನೆಯ ವೈರಸ್ಸಿನದು. ಇದು ಪತ್ತೆಯಾದದ್ದೇ 1986ರಲ್ಲಿ. ಕೂಸುಗಳಲ್ಲಿ ಹಠಾತ್ತನೆ ಜ್ವರ ಬಂದು, ಬಿಟ್ಟ ಮೇಲೆ ಮೈಮೇಲೆ ಗುಲಾಬಿ ದದ್ದು ಏಳುವ ರೋಸಿಯೋಲಾ ಎಂಬ ಕಾಯಿಲೆಗೆ ಇದೇ ಕಾರಣವೆಂದು ಜಪಾನಿನ ಯಮಾನಿಶಿ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಅಮೆರಿಕದ ಸಿಯಾಟಲ್‌ನಲ್ಲಿ ಡ್ಯಾನಿಯೆಲ್ ಜೆರ್ ಮತ್ತು ಸಹೋದ್ಯೋಗಿಗಳು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ವೈರಸ್ಸಿನ ನಡೆಯನ್ನು ಬಹಳ ಹತ್ತಿರದಿಂದ ಕಂಡಿತು. 277 ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಲಾಯಿತು. ವಾರ ವಾರವೂ ತಂದೆತಾಯಿಯರೇ ಮಗುವಿನ ಜೊಲ್ಲು ತೆಗೆದು ಕೊಡುತ್ತಿದ್ದರು. ಜ್ವರ, ನೆಗಡಿ, ಭೇದಿ, ಅಳು ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುತ್ತಿದ್ದರು. ಒಂದು ವರ್ಷ ತುಂಬುವುದರೊಳಗೆ ಶೇ. 40ರಷ್ಟು ಮಕ್ಕಳಿಗೆ, ಎರಡು ವರ್ಷದೊಳಗೆ ಶೇ. 77ರಷ್ಟು ಮಕ್ಕಳಿಗೆ ಸೋಂಕು ತಗುಲಿತ್ತು. ಒಂಬತ್ತರಿಂದ ಇಪ್ಪತ್ತೊಂದು ತಿಂಗಳ ನಡುವೆ ಅದರ ಭರಾಟೆ ಹೆಚ್ಚು. ಅಣ್ಣನೋ ಅಕ್ಕನೋ ಇರುವ ಮನೆಯ ಕೂಸುಗಳಿಗೆ ಬೇಗ ಬಂತು. ಸೋಂಕಾದವರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಏನಾದರೊಂದು ಲಕ್ಷಣ ಇತ್ತು, ಆದರೆ ಪುಸ್ತಕದಲ್ಲಿ ವರ್ಣಿಸಿದಂಥ ರೋಸಿಯೋಲಾ ಕಂಡದ್ದು ನಾಲ್ಕರಲ್ಲಿ ಒಂದರಷ್ಟರಲ್ಲಿ ಮಾತ್ರ. ಉಳಿದವರದು ‘ಹಲ್ಲು ಬರುತ್ತಿದೆ, ಅದಕ್ಕೇ ಮೈ ಬಿಸಿ’ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುವಂಥ ಜ್ವರ.

ಆ ಜ್ವರ ಒಮ್ಮೊಮ್ಮೆ ತೀರಾ ಜೋರಾಗಿರುತ್ತದೆ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಕ್ಯಾರೊಲಿನ್ ಹಾಲ್ ಅವರ ತಂಡ ಜ್ವರವೆಂದು ಆಸ್ಪತ್ರೆಗೆ ಬಂದ ಮೂರು ವರ್ಷದೊಳಗಿನ 1,653 ಮಕ್ಕಳನ್ನು ಪರೀಕ್ಷಿಸಿ 1994ರಲ್ಲಿ ವರದಿ ಪ್ರಕಟಿಸಿತು. ಅವರಲ್ಲಿ 160 ಮಕ್ಕಳಿಗೆ ಇದ್ದದ್ದು ಈ ವೈರಸ್ಸಿನ ಮೊದಲ ಸೋಂಕು. ಆ 160 ಮಕ್ಕಳಲ್ಲಿ ಶೇ. 13ರಷ್ಟಕ್ಕೆ ಫಿಟ್ಸ್ ಬಂದಿತ್ತು. ಮನೆಯವರಿಗೆ ಅದು ಜೀವವೇ ಬಾಯಿಗೆ ಬಂದಂಥ ಗಳಿಗೆ. ಆದರೂ ಬಹುತೇಕ ಮಕ್ಕಳು ಯಾವ ಊನವೂ ಇಲ್ಲದೆ ಚೇತರಿಸಿಕೊಳ್ಳುತ್ತಾರೆ. ಜ್ವರ ಇಳಿದ ಮೇಲೆ ಏಳುವ ದದ್ದು ಇನ್ನೊಂದು ಗೊಂದಲ ತರುತ್ತದೆ. ಮೂರು ದಿನ ಜ್ವರವಿದ್ದ ಕೂಸಿಗೆ ಆಂಟಿಬಯಾಟಿಕ್ ಶುರುಮಾಡಿ, ನಾಲ್ಕನೇ ದಿನ ಎದೆ ಬೆನ್ನ ಮೇಲೆ ದದ್ದು ಕಂಡರೆ ಅದನ್ನು ಔಷಧದ ಅಲರ್ಜಿ ಎಂದು ಬರೆದುಬಿಡುವುದುಂಟು. ಆ ಒಂದು ಸಾಲು ಮಗುವಿನ ಕಡತದಲ್ಲಿ ವರ್ಷಗಟ್ಟಲೆ ಉಳಿದು, ಬೇಕಾದಾಗ ಒಳ್ಳೆಯ ಔಷಧ ಸಿಗದಂತೆ ಮಾಡುತ್ತದೆ. ಏಳನೆಯ ವೈರಸ್ ಇದರ ತಮ್ಮನಂತೆ ತುಸು ತಡವಾಗಿ ಬರುತ್ತದೆ, ಹೆಚ್ಚಾಗಿ ಎರಡು ವರ್ಷದ ನಂತರ. ಎರಡರ ಪ್ರತಿಕಾಯಗಳೂ ಪರೀಕ್ಷೆಯಲ್ಲಿ ಒಂದನ್ನೊಂದು ಹೋಲುವುದರಿಂದ ಹಳೆಯ ಲೆಕ್ಕಗಳಲ್ಲಿ ಅವುಗಳನ್ನು ಬೇರ್ಪಡಿಸುವುದು ಸುಲಭವಲ್ಲ.

ಎಪ್‌ಸ್ಟೀನ್ ಬಾರ್ ವೈರಸ್ಸಿನಲ್ಲಿ ಮಾತು ಬೇರೆ ತಿರುವು ಪಡೆಯುತ್ತದೆ. ಇಲ್ಲಿ ಸೋಂಕು ತಗುಲಿತೇ ಎಂಬುದಕ್ಕಿಂತ ಎಷ್ಟನೇ ವಯಸ್ಸಿಗೆ ತಗುಲಿತು ಎಂಬುದು ಮುಖ್ಯ. ಉಗಾಂಡದ ಮಕ್ಕಳ ದವಡೆಯಲ್ಲಿ ಬೆಳೆಯುವ ಬರ್ಕಿಟ್ ಲಿಂಫೋಮಾ ಗಡ್ಡೆಯ ಜೀವಕೋಶಗಳಲ್ಲಿ ಈ ವೈರಸ್ಸನ್ನು ಆಂಟನಿ ಎಪ್‌ಸ್ಟೀನ್, ಬರ್ಟ್ ಅಚಾಂಗ್, ಇವೊನ್ ಬಾರ್ 1964ರಲ್ಲಿ ಕಂಡರು. ಅಪರೂಪದ ಕ್ಯಾನ್ಸರಿನ ವೈರಸ್ ಎಂದುಕೊಂಡಿದ್ದು ಬಲು ಬೇಗ ಸುಳ್ಳಾಯಿತು. ಫಿಲಡೆಲ್ಫಿಯಾದಲ್ಲಿ ವರ್ನರ್ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿ ಇದರ ಪ್ರತಿಕಾಯಗಳನ್ನು ಹುಡುಕುತ್ತಾ ಹೋದಾಗ ಆರೋಗ್ಯವಂತ ಅಮೆರಿಕನ್ನರಲ್ಲೂ ಅವು ಸಿಕ್ಕವು. ಅವರ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರ ರಕ್ತದಲ್ಲಿ ಮಾತ್ರ ಇರಲಿಲ್ಲ. ಹಾಗಾಗಿ ಹೋಲಿಕೆಗಾಗಿ ಆಕೆಯ ರಕ್ತವನ್ನೇ ಬಳಸುತ್ತಿದ್ದರು. 1967ರಲ್ಲಿ ಆಕೆಗೆ ಗಂಟಲು ನೋವು, ಜ್ವರ, ಕತ್ತಿನ ಗಂಟುಗಳ ಊತ ಬಂದು ಹಾಸಿಗೆ ಹಿಡಿದರು. ಮರಳಿದ ಮೇಲೆ ತೆಗೆದ ರಕ್ತದಲ್ಲಿ ಪ್ರತಿಕಾಯ ಬಂದಿತ್ತು. ‘ಮಾನೋ’ ಎಂದು ಅಲ್ಲಿನ ಕಾಲೇಜು ಹುಡುಗರು ಕರೆಯುವ ಇನ್‌ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್ ಕಾಯಿಲೆಗೆ ಈ ವೈರಸ್ ಕಾರಣವೆಂದು ಗೊತ್ತಾದದ್ದು ಹೀಗೆ. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಮೊದಲೇ ತೆಗೆದಿಟ್ಟಿದ್ದ ರಕ್ತದ ಮಾದರಿಗಳು ಇದನ್ನು ಖಚಿತಪಡಿಸಿದವು: ಪ್ರತಿಕಾಯ ಇಲ್ಲದೆ ಕಾಲೇಜಿಗೆ ಬಂದವರಿಗಷ್ಟೇ ಕಾಯಿಲೆ ಬಂದಿತ್ತು.

ಎರಡು ಮೂರು ವರ್ಷದ ಮಗುವಿಗೆ ಇದೇ ಸೋಂಕು ತಗುಲಿದರೆ ಸಾಮಾನ್ಯವಾಗಿ ಒಂದು ಸಣ್ಣ ಜ್ವರ, ಇಲ್ಲವೇ ಅದೂ ಇಲ್ಲ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಬಂದರೆ ವಾರಗಟ್ಟಲೆ ಮೈ ಸೋತು ಮಲಗಿಸುವ ಕಾಯಿಲೆ. 2003ರಿಂದ 2010ರವರೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಆರರಿಂದ ಎಂಟು ವರ್ಷದ ಮಕ್ಕಳಲ್ಲಿ ಈ ಪ್ರತಿಕಾಯ ಇದ್ದದ್ದು ಶೇ. 54ರಷ್ಟು ಮಂದಿಯಲ್ಲಿ. ಹದಿನೆಂಟು ಹತ್ತೊಂಬತ್ತಕ್ಕೆ ಅದು ಶೇ. 83. ಬಡ ಮನೆಗಳ, ಕರಿಯ ಹಾಗೂ ಮೆಕ್ಸಿಕನ್ ಮೂಲದ ಮಕ್ಕಳಲ್ಲಿ ಪ್ರಮಾಣ ಹೆಚ್ಚಿತ್ತು. ಉಳ್ಳವರ ಮಕ್ಕಳಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಲೋಟ; ಅವರಿಗೆ ವೈರಸ್ ಸಿಗುವುದು ತಡ. ಪಶ್ಚಿಮ ಕೀನ್ಯಾದ ಕಿಸುಮುವಿನಲ್ಲಿ ಚಿತ್ರ ಪೂರ್ತಿ ತಲೆಕೆಳಗು: ಅಲ್ಲಿ ಅಧ್ಯಯನಕ್ಕೆ ಒಳಪಟ್ಟ ಕೂಸುಗಳಲ್ಲಿ ಮೂರರಲ್ಲಿ ಒಂದಕ್ಕೂ ಹೆಚ್ಚಿನವಕ್ಕೆ ಆರು ತಿಂಗಳು ತುಂಬುವ ಮುನ್ನವೇ ಸೋಂಕಾಗಿತ್ತು. ಮಲೇರಿಯಾ ಕಡಿಮೆಯಿರುವ, ಅದೇ ಭಾಗದ ನಂದಿ ಪ್ರದೇಶದಲ್ಲಿ ಹಾಗಾದದ್ದು ಶೇ. 12ರಷ್ಟಕ್ಕೆ. ಅಷ್ಟು ಎಳೆಯ ವಯಸ್ಸಿನಲ್ಲಿ ಬಂದ ಸೋಂಕನ್ನು ದೇಹ ಸರಿಯಾಗಿ ಹತೋಟಿಗೆ ತಂದುಕೊಳ್ಳುವುದಿಲ್ಲ. ಮೇಲಿಂದ ಮೇಲೆ ಮಲೇರಿಯಾ ಬರುತ್ತಿದ್ದರೆ ಇನ್ನೂ ಕಷ್ಟ. ತೀರಾ ಬೇಗ ಬಂದರೂ ಕೆಡುಕು, ತೀರಾ ತಡವಾದರೂ ಕೆಡುಕು ಎಂಬ ಸ್ಥಿತಿ ಇದು.

ಪ್ರತಿಕಾಯ ಇದೆಯೇ ಇಲ್ಲವೇ ಎಂಬುದರ ಜೊತೆಗೆ ಎಷ್ಟಿದೆ ಎಂಬುದೂ ಕೆಲವೊಮ್ಮೆ ಮಾತಾಡುತ್ತದೆ. ಉಗಾಂಡದ ವೆಸ್ಟ್ ನೈಲ್ ಜಿಲ್ಲೆಯಲ್ಲಿ 1970ರ ದಶಕದ ಆರಂಭದಲ್ಲಿ ಗೀ ದ ತೇ ಅವರ ನೇತೃತ್ವದಲ್ಲಿ ಸುಮಾರು 42,000 ಮಕ್ಕಳ ರಕ್ತ ಸಂಗ್ರಹಿಸಿ ಶೀತಲಪೆಟ್ಟಿಗೆಯಲ್ಲಿಟ್ಟು ಕಾದರು. ಮುಂದೆ ಬರ್ಕಿಟ್ ಗಡ್ಡೆ ಬಂದ ಮಕ್ಕಳ ಹಳೆಯ ಮಾದರಿಗಳನ್ನು ತೆಗೆದು ನೋಡಿದಾಗ, ಗಡ್ಡೆ ಕಾಣಿಸಿಕೊಳ್ಳುವ ಎಷ್ಟೋ ತಿಂಗಳು ಮೊದಲೇ ಅವರಲ್ಲಿ ಈ ವೈರಸ್ಸಿನ ಹೊರಚಿಪ್ಪಿನ ವಿರುದ್ಧದ ಪ್ರತಿಕಾಯ ಜೊತೆಯ ಮಕ್ಕಳಿಗಿಂತ ಹೆಚ್ಚಿನ ಮಟ್ಟದಲ್ಲಿತ್ತು. 1978ರಲ್ಲಿ ಪ್ರಕಟವಾದ ಈ ಫಲಿತಾಂಶದ ಪ್ರಕಾರ ಅಂಥ ಮಕ್ಕಳಿಗೆ ಗಡ್ಡೆಯ ಅಪಾಯ ಸುಮಾರು ಮೂವತ್ತು ಪಟ್ಟು. ರಸ್ತೆಯೂ ಸರಿಯಿಲ್ಲದ ಹಳ್ಳಿಗಳಿಂದ ಅಷ್ಟು ಕೂಸುಗಳ ರಕ್ತ ಹೊತ್ತು ತಂದು, ವರ್ಷಗಳ ಕಾಲ ಕಾಪಾಡಿದ ಆ ಕೆಲಸ ರೋಗವಿಜ್ಞಾನದ ಬಹು ದೊಡ್ಡ ಸಾಹಸಗಳಲ್ಲಿ ಒಂದೆಂದು ಧಾರಾಳವಾಗಿ ಹೇಳಬಹುದು.

ಸೈಟೊಮೆಗಲೊ ವೈರಸ್ಸಿನ ಕಥೆಯೂ ಮನೆಯ ವಾಸಕ್ಕೆ ಅಂಟಿಕೊಂಡಿದೆ. ಅಮೆರಿಕದಲ್ಲಿ ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಸುಮಾರು ಶೇ. 20ರಷ್ಟಕ್ಕೆ ಮಾತ್ರ ಇದರ ಪ್ರತಿಕಾಯ ಇತ್ತೆಂದು 2011–12ರ ಸಮೀಕ್ಷೆ ಹೇಳುತ್ತದೆ. ಭಾರತದಲ್ಲಿ ಗರ್ಭಿಣಿಯರಲ್ಲೇ ಹೆಚ್ಚಿನ ಪಾಲು ಮಂದಿಗೆ ಪ್ರತಿಕಾಯ ಇರುತ್ತದೆ. ಅಂದರೆ ಬಹುತೇಕ ಎಲ್ಲರಿಗೂ ಚಿಕ್ಕಂದಿನಲ್ಲೇ ಬಂದುಹೋಗಿರುತ್ತದೆ. ದಾರಿ ಮುಖ್ಯವಾಗಿ ಎದೆಹಾಲು. ಹಿಂದೆ ಸೋಂಕಾದ ತಾಯಿಯ ದೇಹದಲ್ಲಿ ಹಾಲೂಡುವ ದಿನಗಳಲ್ಲಿ ವೈರಸ್ ಎಚ್ಚೆತ್ತು ಹಾಲಿಗೆ ಇಳಿಯುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ತಾಯಿಯ ಪ್ರತಿಕಾಯದ ಕಾವಲು ಇರುವುದರಿಂದ ಇದರಿಂದ ಏನೂ ತೊಂದರೆಯಿಲ್ಲ, ಹಾಲು ಬಿಡಿಸುವ ಮಾತೇ ಬೇಡ. ತೀರಾ ದಿನ ತುಂಬದೆ ಹುಟ್ಟಿದ ಕೂಸುಗಳ ವಿಷಯದಲ್ಲಷ್ಟೇ ವೈದ್ಯರು ಎಚ್ಚರ ವಹಿಸುತ್ತಾರೆ. ಸೋಂಕಾದ ಪುಟ್ಟ ಮಕ್ಕಳ ಜೊಲ್ಲು, ಮೂತ್ರಗಳಲ್ಲಿ ವೈರಸ್ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಹೊರಬೀಳುತ್ತಿರುತ್ತದೆ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಆಟಿಕೆ ಹೋಗುವ ಶಿಶುವಿಹಾರಗಳಲ್ಲಿ ಅದು ಬೇಗ ಹರಡುತ್ತದೆ.

ಅಪಾಯ ಇರುವುದು ಹುಟ್ಟುವ ಮೊದಲೇ ಗರ್ಭದಲ್ಲಿ ಸೋಂಕು ತಗುಲುವುದರಲ್ಲಿ. ಕಿವುಡುತನಕ್ಕೂ ಬುದ್ಧಿ ಬೆಳವಣಿಗೆ ಕುಂಠಿತವಾಗುವುದಕ್ಕೂ ಅದೊಂದು ಪ್ರಮುಖ ಕಾರಣ. ತಾಯಿಗೆ ಮೊದಲೇ ಪ್ರತಿಕಾಯ ಇದ್ದರೆ ಮಗು ಪೂರ್ತಿ ಸುರಕ್ಷಿತ ಎಂದು ಬಹುಕಾಲ ನಂಬಲಾಗಿತ್ತು. ಬ್ರೆಜಿಲ್‌ನ ರಿಬೈರಾವ್ ಪ್ರೇಟೊದಲ್ಲಿ ತಾಯಂದಿರಲ್ಲಿ ಶೇ. 95ಕ್ಕೂ ಹೆಚ್ಚು ಮಂದಿಗೆ ಪ್ರತಿಕಾಯ ಇದ್ದರೂ, ಪರೀಕ್ಷಿಸಿದ 8,000ಕ್ಕೂ ಹೆಚ್ಚು ನವಜಾತ ಶಿಶುಗಳಲ್ಲಿ ಶೇ. 1ರಷ್ಟು ಸೋಂಕಿನೊಂದಿಗೇ ಹುಟ್ಟಿದ್ದವು. ಹಳೆಯ ವೈರಸ್ ಮರುಕಳಿಸಿಯೋ, ಇನ್ನೊಂದು ತಳಿ ಹೊಸದಾಗಿ ತಗುಲಿಯೋ ಹೀಗಾಗುತ್ತದೆ. ಬಹುಪಾಲು ಹೆಂಗಸರಿಗೆ ಪ್ರತಿಕಾಯ ಇರುವ ಭಾರತದಂಥ ದೇಶಕ್ಕೆ ಅಮೆರಿಕದ ಲೆಕ್ಕಕ್ಕಿಂತ ಈ ಲೆಕ್ಕವೇ ಹೆಚ್ಚು ಹತ್ತಿರದ್ದು.

ಸಿಂಪ್ಲೆಕ್ಸ್ ಒಂದನೆಯ ಬಗೆ ನಿಧಾನವಾಗಿ ಏರುತ್ತದೆ. 2000ದ ದಶಕದ ಆರಂಭದಲ್ಲಿ ಅಮೆರಿಕದ ಆರರಿಂದ ಹದಿಮೂರು ವರ್ಷದ ಮಕ್ಕಳಲ್ಲಿ ಶೇ. 31ರಷ್ಟಕ್ಕೆ ಇದರ ಪ್ರತಿಕಾಯ ಇತ್ತು. ಜಗತ್ತಿನಲ್ಲಿ ಐವತ್ತು ವರ್ಷದೊಳಗಿನವರಲ್ಲಿ ಮೂರನೇ ಎರಡು ಪಾಲಿನಷ್ಟು ಜನರಿಗೆ ಈ ಸೋಂಕಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆಫ್ರಿಕದಲ್ಲಿ ಬಹುತೇಕರಿಗೆ ಬಾಲ್ಯದಲ್ಲೇ ಬಂದುಹೋಗುತ್ತದೆ. ಶ್ರೀಮಂತ ದೇಶಗಳಲ್ಲಿ ಬಾಲ್ಯದ ಸೋಂಕು ಕಡಿಮೆಯಾಗುತ್ತಾ ಬಂದಂತೆ ಹದಿಹರೆಯದವರಲ್ಲಿ ಇದೇ ಬಗೆ ಜನನಾಂಗದ ಸೋಂಕಿಗೆ ಕಾರಣವಾಗುವುದು ಹೆಚ್ಚಿದೆ. ಇದರಿಂದ ನವಜಾತ ಶಿಶುವಿಗೂ ಅಪಾಯ. ಹೆರಿಗೆಯ ಹೊತ್ತಿಗೆ ತಾಯಿಗೆ ಹೊಸದಾಗಿ ಸೋಂಕಾದರೆ ಮಗುವಿಗೆ ಕೊಡಲು ಅವಳಲ್ಲಿ ಪ್ರತಿಕಾಯ ತಯಾರಾಗಿರುವುದಿಲ್ಲ. ಮೂರರಲ್ಲಿ ಒಂದು ಮಗುವಿಗಾದರೂ ಸೋಂಕು ತಗುಲುವ ಸಂಭವವಿದೆ. ಹಳೆಯ ಸೋಂಕಿದ್ದ ತಾಯಿಯ ಮಗುವಿಗೆ ಆ ಅಪಾಯ ಬಹಳ ಕಡಿಮೆ. ಬಾಣಂತಿಕೋಣೆಗೆ ಬರುವವರು ತುಟಿಯಲ್ಲಿ ಗುಳ್ಳೆಯಿದ್ದರೆ ಕೂಸಿಗೆ ಮುತ್ತಿಡಬಾರದೆಂಬ ಕಟ್ಟುನಿಟ್ಟಿಗೆ ಇದೇ ಆಧಾರ. ಬೇಜಾರಾದರೂ ಆಗಲಿ ಎಂದು ಮನೆಯವರು ಅದನ್ನು ಹೇಳಿಬಿಡುವುದೇ ಸರಿ. ಎರಡನೆಯ ಬಗೆಯ ಪ್ರತಿಕಾಯ ಎಳೆಯ ಮಕ್ಕಳಲ್ಲಿ ಅಪರೂಪ. ಹಳೆಯ ಪರೀಕ್ಷೆಗಳು ಎರಡನ್ನೂ ಬೇರ್ಪಡಿಸುತ್ತಿರಲಿಲ್ಲ, ಇಂದಿನವು ಗ್ಲೈಕೊಪ್ರೋಟೀನ್ ಜಿ ಎಂಬುದರ ಆಧಾರದಲ್ಲಿ ಬೇರ್ಪಡಿಸುತ್ತವೆ. ಆದ್ದರಿಂದ ವರದಿಯಲ್ಲಿ ಬರೀ ‘ಹರ್ಪಿಸ್ ಐಜಿಜಿ’ ಎಂದಿದ್ದರೆ ಯಾವ ಬಗೆ ಎಂದು ಕೇಳಿ ತಿಳಿಯಬೇಕು.

ಚಿಕನ್ ಪಾಕ್ಸ್ ಮಾತ್ರ ಈ ಸಾಲಿನಲ್ಲಿ ಎದುರು ದಿಕ್ಕಿಗೆ ನಡೆಯುತ್ತದೆ. ಲಸಿಕೆ ಬರುವ ಮುಂಚೆ ಚಳಿದೇಶಗಳಲ್ಲಿ ಹತ್ತು ವರ್ಷ ತುಂಬುವುದರೊಳಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಅದು ಬಂದುಹೋಗುತ್ತಿತ್ತು. ಬಿಸಿಲು ನಾಡುಗಳಲ್ಲಿ, ಮನೆ ತುಂಬ ಜನ ಇದ್ದರೂ, ಹಾಗಾಗುವುದಿಲ್ಲ. ದಕ್ಷಿಣ ಭಾರತದವರ ಹರ್ಪಿಸ್ ಪ್ರತಿಕಾಯಗಳ ಬಗ್ಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಟಿ. ಜೇಕಬ್ ಜಾನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಮಾಡಿದ ಕೆಲಸದಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು: ಎಪ್‌ಸ್ಟೀನ್ ಬಾರ್, ಸೈಟೊಮೆಗಲೊ ಎರಡೂ ಚಿಕ್ಕಂದಿನಲ್ಲೇ, ವೇರಿಸೆಲ್ಲಾ ತಡವಾಗಿ. ಶಾಖಕ್ಕೆ ಬೇಗ ಸಾಯುವ ವೈರಸ್ ಇದು ಎಂಬುದು ಒಂದು ವಿವರಣೆ, ಹಳ್ಳಿಗಳಲ್ಲಿ ಜನಸಾಂದ್ರತೆ ಕಡಿಮೆ ಎಂಬುದು ಇನ್ನೊಂದು. ಕರ್ನಾಟಕದ ಹಳ್ಳಿಗಳಲ್ಲಿ ‘ಅಮ್ಮ ಆಗಿದೆ’ ಎಂದು ಬೇವಿನ ಸೊಪ್ಪು ಹಾಸಿ ಮಲಗಿಸುವವರಲ್ಲಿ ದೊಡ್ಡವರೂ ಇರುವುದಕ್ಕೆ ಇದೇ ಕಾರಣ. ದೊಡ್ಡವರಿಗೆ ಬಂದರೆ ನ್ಯುಮೋನಿಯಾ ಆಗುವ ಸಂಭವ ಹೆಚ್ಚು, ಗರ್ಭಿಣಿಗಂತೂ ಅಪಾಯಕರ. ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ನರ್ಸಿಂಗ್ ಕೆಲಸಕ್ಕೆ ಬ್ರಿಟನ್ನಿಗೆ ಹೋಗುವವರನ್ನು ಅಲ್ಲಿನ ಆಸ್ಪತ್ರೆಗಳು ಚಿಕನ್ ಪಾಕ್ಸ್ ಬಂದಿತ್ತೇ ಅಥವಾ ಪ್ರತಿಕಾಯ ಇದೆಯೇ ಎಂದು ಕೇಳುವುದು ಇದನ್ನು ಬಲ್ಲವರಾದ್ದರಿಂದಲೇ.

ಎಂಟನೆಯ ವೈರಸ್ ಉಗಾಂಡ, ಜಾಂಬಿಯಾಗಳಂಥ ದೇಶಗಳಲ್ಲಿ ಬಾಲ್ಯದಿಂದಲೇ ಜೊಲ್ಲಿನ ಮೂಲಕ ಹರಡುತ್ತದೆ. ಜಗತ್ತಿನ ಬೇರೆ ಬಹುಭಾಗಗಳ ಮಕ್ಕಳಲ್ಲಿ ವಿರಳ.

ಇಷ್ಟು ಸಾಮಾನ್ಯವಾದ ಪ್ರತಿಕಾಯಗಳನ್ನು ರೋಗಪತ್ತೆಗೆ ಬಳಸುವಾಗ ನಮ್ಮಲ್ಲಿ ಆಗುತ್ತಿರುವ ಎಡವಟ್ಟು ಗಮನಿಸಲೇಬೇಕಾದ್ದು. ಟಾರ್ಚ್ ಎಂಬ ಪರೀಕ್ಷೆಗಳ ಗುಚ್ಛವನ್ನು, ಅದರಲ್ಲಿ ಸೈಟೊಮೆಗಲೊ ಮತ್ತು ಹರ್ಪಿಸ್ ಎರಡೂ ಸೇರಿವೆ, ಗರ್ಭಪಾತವಾದವರಿಗೂ ಬೆಳವಣಿಗೆ ತಡವಾದ ಮಕ್ಕಳಿಗೂ ಬರೆದುಕೊಡುವ ರೂಢಿಯಿದೆ. ಐಜಿಜಿ ಪಾಸಿಟಿವ್ ಬಂದರೆ, ಅದು ಬಂದೇ ಬರುತ್ತದೆ, ಮನೆಯವರು ಹಳೆಯ ಸೋಂಕನ್ನು ಈಗಿನ ಕಷ್ಟದ ಕಾರಣವೆಂದು ತಿಳಿದು ಕೊರಗುತ್ತಾರೆ. ಐಜಿಎಂ ಪರೀಕ್ಷೆಯೂ ಸುಳ್ಳು ಪಾಸಿಟಿವ್ ತೋರಿಸುವುದುಂಟು. ಮಗು ಗರ್ಭದಲ್ಲೇ ಸೈಟೊಮೆಗಲೊ ಸೋಂಕು ಪಡೆದಿತ್ತೇ ಎಂದು ತಿಳಿಯಬೇಕಾದರೆ ಹುಟ್ಟಿದ ಮೂರು ವಾರದೊಳಗೆ ಮೂತ್ರ ಅಥವಾ ಜೊಲ್ಲನ್ನು ಪಿಸಿಆರ್ ಪರೀಕ್ಷೆಗೆ ಕಳಿಸಬೇಕು. ಆ ಅವಧಿ ದಾಟಿದರೆ ಎದೆಹಾಲಿನಿಂದ ಬಂದ ನಿರಪಾಯಕಾರಿ ಸೋಂಕನ್ನೂ ಗರ್ಭದಲ್ಲಿ ಬಂದದ್ದನ್ನೂ ಬೇರ್ಪಡಿಸಲಾಗುವುದಿಲ್ಲ. ಎರಡು ವರ್ಷದ ಮಗುವಿನ ಐಜಿಜಿಗೆ ಹಣ ಕಟ್ಟುವುದಕ್ಕಿಂತ ಅದರ ಕಿವಿ ಕೇಳುತ್ತದೆಯೇ ಎಂದು ಪರೀಕ್ಷೆ ಮಾಡಿಸುವುದು ಎಷ್ಟೋ ಉಪಯುಕ್ತ.

ಈ ಕುಟುಂಬದಲ್ಲಿ ಮಕ್ಕಳಿಗೆ ಲಸಿಕೆ ಇರುವುದು ಚಿಕನ್ ಪಾಕ್ಸ್‌ಗೆ ಮಾತ್ರ. ಜಪಾನಿನ ಮಿಚಿಯಾಕಿ ತಕಾಹಾಶಿ 1970ರ ದಶಕದಲ್ಲಿ ಅದನ್ನು ಸಿದ್ಧಪಡಿಸಿದರು. ಅಮೆರಿಕ 1995ರಲ್ಲಿ ಒಪ್ಪಿತು. ಭಾರತದಲ್ಲಿ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಅದು ಇಲ್ಲ, ಖಾಸಗಿಯಾಗಿ ಹಾಕಿಸಬೇಕು. ಲಸಿಕೆ ಹಾಕಿಸಿಕೊಂಡ ಮಗುವಿನ ಪ್ರತಿಕಾಯವನ್ನು ಕಾಯಿಲೆ ಬಂದ ಮಗುವಿನದರಿಂದ ಸಾಮಾನ್ಯ ಪರೀಕ್ಷೆ ಬೇರ್ಪಡಿಸದು. ಹಾಗಾಗಿ ಇಂದಿನ ಸಮೀಕ್ಷೆಗಳನ್ನು ಓದುವಾಗ ಲಸಿಕೆಯ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಸೈಟೊಮೆಗಲೊ, ಎಪ್‌ಸ್ಟೀನ್ ಬಾರ್‌ಗಳಿಗೆ ಲಸಿಕೆ ಮಾಡುವ ಪ್ರಯತ್ನ ದಶಕಗಳಿಂದ ನಡೆದಿದೆ. ಅಂಥದೊಂದು ಕೈಗೆ ಬಂದ ದಿನ ಅದನ್ನು ಯಾವ ವಯಸ್ಸಿಗೆ ಹಾಕಬೇಕೆಂದು ತೀರ್ಮಾನಿಸಲು ಈ ಪ್ರತಿಕಾಯ ಸಮೀಕ್ಷೆಗಳೇ ಬೇಕು. ಅಮೆರಿಕದಲ್ಲಿ ಶಾಲೆ ಸೇರುವ ವಯಸ್ಸಿಗೆ ಎಪ್‌ಸ್ಟೀನ್ ಬಾರ್ ಲಸಿಕೆ ಕೊಟ್ಟರೂ ಅರ್ಧದಷ್ಟು ಮಕ್ಕಳಿಗೆ ಅದು ಸೋಂಕಿಗಿಂತ ಮೊದಲೇ ತಲುಪೀತು. ಕಿಸುಮುವಿನ ಕೂಸಿಗೆ ಒಂಬತ್ತನೇ ತಿಂಗಳ ದಡಾರ ಚುಚ್ಚುಮದ್ದಿನ ಜೊತೆ ಕೊಟ್ಟರೂ ಹಲವರಿಗೆ ಆಗಲೇ ತಡವಾಗಿರುತ್ತದೆ. ಅದಕ್ಕೂ ಮೊದಲೇ ಕೊಟ್ಟರೆ ತಾಯಿಯಿಂದ ಬಂದ ಪ್ರತಿಕಾಯ ಲಸಿಕೆಗೆ ಅಡ್ಡ ನಿಲ್ಲುವ ಸಾಧ್ಯತೆಯಿದೆ.